ಹನ್ನೊಂದನೆಯ ಕಲಮು

ಬೋರಾ ಬಜಾರಿನ ಈ ಕಟ್ಟಡದ ಲಿಫ್ಟು ಕೆಟ್ಟು ಎರಡು ವರ್ಷ.
ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ಸಲಹೆ,
ಅದು ನನ್ನ ಆಫೀಸಿನ ರೂಢಿ.

ಚೈತ್ರಾಲಿ ನಾಖ್ವಾ, ಉಮೈರ್ ಪರ್ಕಾರ್.
ಇಬ್ಬರ ವಯಸ್ಸು ಕೂಡಿದರೂ ನನ್ನದಕ್ಕೆ ಎರಡು ಕಮ್ಮಿ.
ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಒಂದು ಯಂತ್ರ,
ಬಾಯಲ್ಲಿ ಎರಡು ಕೋಟಿ.
"ಶುಕ್ರವಾರದೊಳಗೆ ಸಹಿ ಮಾಡಬೇಕಂತೆ, ಮೇಡಂ,
ಟರ್ಮ್ ಶೀಟು ಸುಮ್ಮನೆ ಒಂದು ಸಲ ನೋಡಿಬಿಡಿ."

ಸುಮ್ಮನೆ ನೋಡುವುದನ್ನು ನಾನು ಕಲಿತಿಲ್ಲ.

ಮೊದಲು ಹೇಳಿ, ಕಂಪನಿಯಲ್ಲಿ ಪಾಲು ಯಾರ್ಯಾರದು?
"ಮೂವರದೂ ಸಮ."
ಮೂರನೆಯವನೆಲ್ಲಿ?
ಚೈತ್ರಾಲಿ ಕಿಟಕಿ ನೋಡಿದಳು. ಉಮೈರ್ ನೀರು ಕುಡಿದ.
ವಿರಾಜ್ ಮೂರು ತಿಂಗಳು ಕೋಡು ಬರೆದ,
ನಾಲ್ಕನೇ ತಿಂಗಳು ಸಿಂಗಪುರದಲ್ಲಿ ಕೆಲಸ ಸಿಕ್ಕಿತು,
ಈಗಲೂ ಹುಟ್ಟುಹಬ್ಬಕ್ಕೆ ಮೆಸೇಜು ಹಾಕುತ್ತಾನೆ, ಒಳ್ಳೆಯ ಹುಡುಗ.
ಒಳ್ಳೆಯ ಹುಡುಗನ ಹೆಸರಿನಲ್ಲಿ ಮೂರರಲ್ಲೊಂದು ಪಾಲು.
ಬಿಟ್ಟುಹೋದರೆ ಏನು ಅಂತ ಬರೆದ ಕಾಗದ?
"ಸಸೂನ್ ಡಾಕಿನ ಚಹಾದಂಗಡಿಯಲ್ಲಿ ಮಾತಾಡಿಕೊಂಡಿದ್ದೆವು."

ಅಸಲ್ಫಾದ ಚಾಳಿನಲ್ಲಿ ನನ್ನಮ್ಮ ಭಿಶಿ ನಡೆಸುತ್ತಿದ್ದಳು.
ಹದಿನಾಲ್ಕು ಹೆಂಗಸರು, ತಿಂಗಳಿಗೆ ಐವತ್ತು ರೂಪಾಯಿ,
ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಿಂದ ಅವರ ಹೆಸರುಗಳು.
ಮೊದಲ ವರ್ಷ ನಿಯಮವೇ ಇರಲಿಲ್ಲ.
ಎರಡನೆಯ ತಿಂಗಳು ಚೀಟಿ ಎತ್ತಿದ ತುಂಗಕ್ಕ
ಮೂರನೆಯ ತಿಂಗಳು ಖೋಲಿ ಖಾಲಿ ಮಾಡಿದಳು.
ಅಮ್ಮ ಬೈಯಲಿಲ್ಲ. ಪುಟ ತಿರುವಿ
ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದಳು:
ಹೊಸಬರ ಸರದಿ ಆರು ತಿಂಗಳು ಕಳೆದ ಮೇಲೆ.
ನಿಮ್ಮವರು ಅದನ್ನು ವೆಸ್ಟಿಂಗ್ ಅನ್ನುತ್ತಾರೆ.
ಪ್ರತಿ ಕಲಮೂ, ಮಕ್ಕಳೇ,
ಯಾರೋ ಎದ್ದುಹೋದ ಚಾಪೆಯ ಜಾಗ.

ಈಗ ಹನ್ನೊಂದನೆಯದಕ್ಕೆ ಬನ್ನಿ.
ಕಂಪನಿ ಐದು ಕೋಟಿಗೆ ಮಾರಾಟವಾಯಿತು ಅನ್ನಿ,
ಅನ್ನುವುದಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ.
ಹಾಕಿದ್ದರ ಎರಡು ಪಟ್ಟು ಮೊದಲು ಅವರಿಗೆ: ನಾಲ್ಕು.
ಉಳಿದ ಒಂದರಲ್ಲೂ ಐದನೆಯ ಒಂದು ಭಾಗ ಅವರದೇ.
ಮಿಕ್ಕಿದ್ದು ಎಂಬತ್ತು ಲಕ್ಷ. ಮೂರು ಪಾಲು ಮಾಡಿ.
ಒಂದು ಸಿಂಗಪುರಕ್ಕೆ,
ಹುಟ್ಟುಹಬ್ಬದ ಮೆಸೇಜಿಗೆ ಉತ್ತರವಾಗಿ.

ಕ್ಯಾಲ್ಕುಲೇಟರಿನ ಮೇಲೆ ಉಮೈರನ ಬೆರಳು ಎರಡು ಸಲ ಓಡಿತು.
ಎರಡು ಸಲವೂ ಅದೇ ಉತ್ತರ.

ದುಡ್ಡು ಕೊಡುವವರು ಕೆಟ್ಟವರಲ್ಲ.
ಅವರ ವಕೀಲ ಅವರಿಗಾಗಿ ಬರೆದ, ಅಷ್ಟೇ.
ಎರಡು ಪಟ್ಟನ್ನು ಒಂದಕ್ಕಿಳಿಸಿ ಎಂದು ಕೇಳಿ,
ಅದನ್ನು ತಗೊಂಡಮೇಲೆ ಉಳಿದದ್ದಕ್ಕೆ ಕೈ ಹಾಕಬಾರದು ಅನ್ನಿ.
ಶುಕ್ರವಾರ ಪ್ರತಿ ವಾರ ಬರುತ್ತದೆ.
ವಿರಾಜನಿಗೆ ಇವತ್ತೇ ಫೋನು ಮಾಡಿ, ದುಡ್ಡು ಬರುವ ಮೊದಲು;
ಬಂದಮೇಲೆ ಅವನು ಇಷ್ಟು ಒಳ್ಳೆಯ ಹುಡುಗನಾಗಿರಲಿಕ್ಕಿಲ್ಲ.

"ನಿಮ್ಮ ಫೀಸು..." ಎಂದಳು ಚೈತ್ರಾಲಿ, "ಅರ್ಧ ಪರ್ಸೆಂಟು ಷೇರು ಕೊಟ್ಟರೆ?"
ಇಷ್ಟು ಹೊತ್ತು ನಾನು ಹೇಳಿದ್ದೇನು?
ಜೊತೆಗೆ ಚಹಾ ಕುಡಿದವರಿಗೆಲ್ಲ ಪಾಲು ಹಂಚಬೇಡಿ. ನನಗಂತೂ ಬೇಡ.
ಬಿಲ್ಲು ಕಳಿಸುತ್ತೇನೆ, ನಿಧಾನಕ್ಕೆ ಕೊಡಿ.

ಏಳುವಾಗ ಅವಳ ಕಣ್ಣು ಬಿತ್ತು
ಕಿಟಕಿಯ ಕೆಳಗಿಟ್ಟ ನನ್ನ ಚೀಲದ ಮೇಲೆ.
ಮಧ್ಯಾಹ್ನ ಕ್ರಾಫರ್ಡ್ ಮಾರ್ಕೆಟಿನಲ್ಲಿ ಕೊಂಡ ಆರು ಬಂಗುಡೆ.
ಕೇಳದೆಯೇ ಸೋಪಿನ ಡಬ್ಬಿಯನ್ನು ಒಂದರ ಕಿವಿರಿಗೆ ಒತ್ತಿದಳು.
ಹಳದಿ ದೀಪ.
"ಮೂರು ದಿನದ್ದು, ಮೇಡಂ. ತಾಜಾ ಅಂದಿದ್ದಳಾ?"

ಮಗನ ಮೇಲೆ ಆಣೆ ಹಾಕಿದ್ದಳು, ಇವತ್ತಿನದೇ ಎಂದು.
ಇಪ್ಪತ್ತಾರು ವರ್ಷ ಸಣ್ಣ ಅಕ್ಷರ ಓದಿ ಬದುಕಿದವಳು
ಕಿವಿರು ಎತ್ತಿ ನೋಡಿರಲಿಲ್ಲ.

ಯಂತ್ರವನ್ನು ಕೈಗೆ ತಗೊಂಡು ತಿರುವಿದೆ.
ಇದಕ್ಕೆ ಪೇಟೆಂಟು ಅರ್ಜಿ?
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಹೊರಗಿನವರಿಗೆ ತೋರಿಸಿಲ್ಲ ತಾನೆ?
"ಎಂಟು ತಿಂಗಳಿಂದ, ಇಡೀ ಡಾಕಿಗೆ..."

ಬಾಗಿಲು ಹಾಕಿ ಬಾ, ಎಂದೆ ಉಮೈರನಿಗೆ.
ಕೂತುಕೊಳ್ಳಿ.